ಉಗಿಬಂಡಿಗೆ ಹೊಣೆ ನಿಂತವರು

ರೈಲುಹಾದಿಯ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಮೊದಲ ಬಂಡಿ ಹೊರಟ ದಿನದಿಂದ ಕಥೆಯನ್ನು ಆರಂಭಿಸುತ್ತಾರೆ. 1853ನೆಯ ಏಪ್ರಿಲ್ 16ರಂದು ಮುಂಬಯಿಯಿಂದ ಠಾಣೆಯವರೆಗೆ 21 ಮೈಲಿ ದೂರ ಬಂಡಿ ಓಡಿದುದು, ತೋಪುಗಳು ಹಾರಿದುದು, ಜನ ಹಾದಿಯುದ್ದಕ್ಕೂ ನೆರೆದು ಬೆರಗಾಗಿ ನೋಡಿದುದು, ಇವೆಲ್ಲ ಶಾಲೆಯ ಹುಡುಗರಿಗೂ ತಿಳಿದ ಸಂಗತಿ. ಆದರೆ ರೈಲುಹಾದಿಯ ನಿಜವಾದ ಚರಿತ್ರೆ ಆರಂಭವಾಗುವುದು ನಿಲ್ದಾಣದ ಕಟ್ಟೆಯ ಮೇಲಲ್ಲ, ಲೆಕ್ಕದ ಪುಸ್ತಕದಲ್ಲಿ. ಹಣ ಯಾರದು? ನಷ್ಟವಾದರೆ ತೆರುವವರು ಯಾರು? ಲಾಭ ಬಂದರೆ ಉಣ್ಣುವವರು ಯಾರು? ಹಾದಿ ಯಾವ ಊರನ್ನು ಮುಟ್ಟಬೇಕು, ಯಾವ ಊರನ್ನು ಬಿಡಬೇಕು ಎಂದು ಗೆರೆ ಎಳೆಯುವ ಕೈ ಯಾರದು? ಈ ನಾಲ್ಕು ಪ್ರಶ್ನೆಗಳಿಗೆ ಉತ್ತರ ದೊರೆತ ಮೇಲೆ ಉಳಿದುದು ಕಬ್ಬಿಣ ಮತ್ತು ಕಲ್ಲಿದ್ದಲಿನ ಮಾತು.

ಹತ್ತೊಂಬತ್ತನೆಯ ಶತಮಾನದಲ್ಲಿ ಸರಕಾರಗಳು ರೈಲ್ವೆಗೆ ನೆರವಾಗಬೇಕಾಗಿತ್ತೇ ಎಂಬುದು ಇಂದು ಚರ್ಚೆಗೆ ಅರ್ಹವಾದ ವಿಷಯವಲ್ಲ. ನೆರವಾಗದೆ ಗತಿಯಿರಲಿಲ್ಲ. ಇಂಗ್ಲೆಂಡೊಂದನ್ನು ಬಿಟ್ಟರೆ ಬಹುಮಟ್ಟಿಗೆ ಎಲ್ಲೆಡೆಯಲ್ಲೂ ರೈಲುಹಾದಿ ಸರಕಾರದ ಕೈಹಿಡಿದೇ ನಡೆಯಲು ಕಲಿಯಿತು. ಫ್ರಾನ್ಸಿನಲ್ಲಿ 1842ರ ಶಾಸನದಂತೆ ನೆಲವನ್ನೂ ಏರಿಸೇತುವೆಗಳನ್ನೂ ಸರಕಾರ ಸಿದ್ಧಗೊಳಿಸಿಕೊಟ್ಟರೆ ಕಂಬಿ ಮತ್ತು ಬಂಡಿಗಳನ್ನು ಕಂಪೆನಿಗಳು ತಂದವು. ಅಮೆರಿಕದಲ್ಲಿ 1862ರ ಶಾಸನ ಪೆಸಿಫಿಕ್ ಸಮುದ್ರದವರೆಗಿನ ಹಾದಿಗೆ ನೆಲವನ್ನು ಧಾರೆಯೆರೆದು ಸಾಲಪತ್ರಗಳನ್ನೂ ಒದಗಿಸಿತು. ಹತ್ತು ವರ್ಷಗಳಲ್ಲಿ ಆ ಉದಾರತೆಯ ನೆರಳಿನಲ್ಲಿ ಬೆಳೆದ ಹಗರಣವೂ ಹೊರಬಿದ್ದಿತು. ಆದುದರಿಂದ ವಿಚಾರಮಾಡಬೇಕಾದುದು ಸರಕಾರ ನೆರವಾಯಿತೇ ಎಂಬುದನ್ನಲ್ಲ. ಹೇಗೆ ನೆರವಾಯಿತು ಎಂಬುದನ್ನು. ನೆರವಿನ ರೀತಿಯೇ ಹಾದಿಯ ಭವಿಷ್ಯವನ್ನೂ ಅದು ಹಾಯುವ ನಾಡಿನ ಭವಿಷ್ಯವನ್ನೂ ನಿರ್ಣಯಿಸಿತು. ಇದನ್ನು ತಿಳಿಯಲು ನಾವು ದೂರ ಹೋಗಬೇಕಾಗಿಲ್ಲ. ಅಂದು ಹಲವು ಆಡಳಿತಗಳಲ್ಲಿ ಹರಿದು ಹಂಚಿಹೋಗಿದ್ದ ನಮ್ಮ ಕನ್ನಡನಾಡೇ ನೆರವಿನ ಹಲವು ರೀತಿಗಳನ್ನು ಒಟ್ಟಿಗೆ ಕಂಡಿತು.

*

ಮೊದಲು ಇಂಡಿಯಾ ದೇಶಕ್ಕೆಲ್ಲ ಅನ್ವಯಿಸಿದ ಏರ್ಪಾಟನ್ನು ನೋಡೋಣ. 1849ರ ಆಗಸ್ಟಿನಲ್ಲಿ ಈಸ್ಟ್ ಇಂಡಿಯಾ ಕಂಪೆನಿಯು ಎರಡು ರೈಲ್ವೆ ಕಂಪೆನಿಗಳೊಡನೆ ಕರಾರು ಮಾಡಿಕೊಂಡಿತು. ಕಂಪೆನಿಗಳು ಲಂಡನ್ನಿನಲ್ಲಿ ಬಂಡವಾಳ ಎತ್ತತಕ್ಕದ್ದು. ಆ ಬಂಡವಾಳಕ್ಕೆ ಶೇಕಡಾ 5ರಂತೆ ಬಡ್ಡಿ ಬರುವುದಕ್ಕೆ ಸರಕಾರ ಹೊಣೆ. ಹಾದಿಗೆ ಬೇಕಾದ ನೆಲ 99 ವರ್ಷಗಳವರೆಗೆ ಪುಕ್ಕಟೆ. ಸಂಪಾದನೆ ಶೇಕಡಾ 5ಕ್ಕೆ ಕಡಮೆಯಾದರೆ ಕೊರತೆಯನ್ನು ಇಂಡಿಯಾದ ಕಂದಾಯದಿಂದ ತುಂಬತಕ್ಕದ್ದು. ಹೆಚ್ಚಾದರೆ ಹೆಚ್ಚಿನ ಭಾಗದಲ್ಲಿ ಅರ್ಧ ಸರಕಾರ ಹಿಂದೆ ತೆತ್ತ ಬಡ್ಡಿಗೆ ಜಮಾ, ಇನ್ನರ್ಧ ಷೇರುದಾರರಿಗೆ. ಇಷ್ಟು ಸಾಲದೆಂಬಂತೆ, ಕಂಪೆನಿಗೆ ಬೇಡವೆನಿಸಿದರೆ ಆರು ತಿಂಗಳ ಮುನ್ಸೂಚನೆ ಕೊಟ್ಟು ಹಾದಿಯನ್ನು ಸರಕಾರಕ್ಕೆ ಒಪ್ಪಿಸಿ, ಹಾಕಿದ ಬಂಡವಾಳವನ್ನು ಹಿಂದಕ್ಕೆ ಪಡೆಯುವ ಅವಕಾಶವೂ ಇತ್ತು.

ನಮ್ಮ ಹಳ್ಳಿಯ ಸಾಹುಕಾರನೂ ಇಂಥ ಪತ್ರವನ್ನು ಬರೆಸಿಕೊಳ್ಳಲು ಸಂಕೋಚಪಟ್ಟಾನು. ವ್ಯಾಪಾರವೆಂದರೆ ಲಾಭದ ಆಸೆ ಮತ್ತು ನಷ್ಟದ ಭೀತಿ ಎರಡೂ ಕೂಡಿದ್ದು. ಆಸೆಯನ್ನು ಉಳಿಸಿ ಭೀತಿಯನ್ನು ತೆಗೆದುಹಾಕಿದರೆ ಉಳಿಯುವುದು ವ್ಯಾಪಾರವಲ್ಲ, ವರ್ಷಾಶನ. ಭೀತಿ ಇಲ್ಲದ ಕಡೆ ಮಿತವ್ಯಯವೂ ಇರುವುದಿಲ್ಲ. ಮೈಲಿಗೆ ಸುಮಾರು 8000 ಪೌಂಡು ತಗಲೀತೆಂದು ಮೊದಲಲ್ಲಿ ಮಾಡಿದ್ದ ಅಂದಾಜು, ಹೊಣೆಯ ಕಂಪೆನಿಗಳ ಕೈಯಲ್ಲಿ ಎರಡು ಪಟ್ಟನ್ನೂ ಮೀರಿತು. ಸರಕಾರಕ್ಕೆ ವೆಚ್ಚದ ಮೇಲ್ವಿಚಾರಣೆ ಮಾಡುವ ಅಧಿಕಾರ ಕಾಗದದ ಮೇಲೆ ಇದ್ದಿತು. ಆದರೆ ವೆಚ್ಚ ಮಾಡುವವನಿಗೆ ಉಳಿಸಬೇಕೆಂಬ ಮನಸ್ಸಿಲ್ಲದಾಗ ಮೇಲ್ವಿಚಾರಕನ ಕಣ್ಣು ಎಷ್ಟೆಂದು ಕಾದೀತು? ಇಂಡಿಯಾ ಸರಕಾರದಲ್ಲಿ ವಿತ್ತಸದಸ್ಯನಾಗಿದ್ದ ಮ್ಯಾಸೀ ಎಂಬಾತನೇ 1872ರಲ್ಲಿ ಪಾರ್ಲಿಮೆಂಟಿನ ಸಮಿತಿಯ ಮುಂದೆ ಸಾಕ್ಷ್ಯ ನುಡಿಯುತ್ತ, ಬಡ್ಡಿಗೆ ಇಂಡಿಯಾದ ಕಂದಾಯವೇ ಹೊಣೆಯಾಗಿರುವಾಗ ತನ್ನ ಹಣ ಇಟ್ಟಿಗೆ ಗಾರೆಯಾಯಿತೋ ಹೂಗ್ಲಿ ನದಿಯ ಪಾಲಾಯಿತೋ ಎಂಬ ಚಿಂತೆ ಇಂಗ್ಲಿಷ್ ಬಂಡವಾಳಗಾರನಿಗೆ ಇರಲಿಲ್ಲವೆಂಬರ್ಥದ ಮಾತನ್ನು ಆಡಿದ. ‘ಯಾರದೋ ದುಡ್ಡು, ಎಲ್ಲಮ್ಮನ ಜಾತ್ರೆ’ ಎಂದು ನಮ್ಮವರು ಇದನ್ನೇ ಇನ್ನೂ ಚುರುಕಾಗಿ ಹೇಳುತ್ತಾರೆ.

ಇದಕ್ಕೆ ಪ್ರತಿವಾದವಿಲ್ಲದೆ ಇಲ್ಲ. ಹೊಣೆಯಿಲ್ಲದಿದ್ದರೆ ಲಂಡನ್ನಿನ ಹಣ ಕಂಡರಿಯದ ದೇಶಕ್ಕೆ ಬರುತ್ತಿರಲಿಲ್ಲ, ಹಾದಿಗಳು ಇನ್ನೂ ಇಪ್ಪತ್ತು ವರ್ಷ ತಡವಾಗುತ್ತಿದ್ದವು ಎನ್ನುವವರಿದ್ದಾರೆ. ಈ ಮಾತಿನಲ್ಲಿ ಸತ್ಯಾಂಶವಿದೆ. ಆದರೆ ಹೊಣೆಯ ಬಲದಿಂದ ಬಂದ ಹಣ ನಿಜವಾಗಿ ಸರಕಾರದ ಸಾಲವೇ ಅಲ್ಲವೇ? ಸಾಲಗಾರ ನಂಬಿದುದು ರೈಲನ್ನಲ್ಲ, ಇಂಡಿಯಾದ ರೈತ ತೆರುವ ಕಂದಾಯವನ್ನು. ಹಾಗಿರುವಲ್ಲಿ ಸರಕಾರ ತಾನೇ ಸಾಲ ತಂದು ತಾನೇ ಹಾದಿಯನ್ನು ಕಟ್ಟಿಸಿದ್ದರೆ ಲಾಭವೂ ಅದರದಾಗುತ್ತಿತ್ತು. ಇದು ಇಂದಿನವರು ಹಿಂದಿರುಗಿ ನೋಡಿ ಆಡುವ ಜಾಣತನವಲ್ಲ. ವೈಸರಾಯನಾಗಿದ್ದ ಜಾನ್ ಲಾರೆನ್ಸನೇ 1869ರಲ್ಲಿ, ಲಾಭವೆಲ್ಲ ಕಂಪೆನಿಗಳಿಗೆ, ನಷ್ಟವೆಲ್ಲ ಸರಕಾರಕ್ಕೆ ಎಂಬ ಈ ಪದ್ಧತಿಯನ್ನು ಬಿಟ್ಟು ಸರಕಾರವೇ ಹಾದಿಗಳನ್ನು ಹಾಕಿಸಬೇಕೆಂದು ವಾದಿಸಿದ. ಅವನ ತರುವಾಯ ಬಂದ ಮೇಯೋ ಅಗ್ಗದ ಹಾದಿಗಾಗಿ ಮೀಟರ್ ಗೇಜನ್ನು ಆರಿಸಿದ. ಹೊಣೆಯ ಪದ್ಧತಿಗೆ ಇನ್ನೊಂದು ಹುಳುಕೂ ಇದ್ದಿತು. ಬಡ್ಡಿಯನ್ನು ತೆರಬೇಕಾದುದು ಪೌಂಡುಗಳಲ್ಲಿ, ಕಂದಾಯ ಬರುವುದು ಬೆಳ್ಳಿಯ ರೂಪಾಯಿಗಳಲ್ಲಿ. 1870ರ ಸುಮಾರಿಗೆ 2 ಶಿಲಿಂಗಿಗೆ ಸಮೀಪವಿದ್ದ ರೂಪಾಯಿ 1890ರ ದಶಕದ ಮೊದಲಲ್ಲಿ 1 ಶಿಲಿಂಗ್ 3 ಪೆನ್ಸಿನ ಸುಮಾರಿಗೆ ಇಳಿದಾಗ, ಒಂದೂ ಮೈಲಿ ಹೊಸ ಹಾದಿಯಾಗದೆಯೇ ಬಡ್ಡಿಯ ಭಾರ ಬೆಳೆಯಿತು. ಇಪ್ಪತ್ತನೆಯ ಶತಮಾನದ ಬಾಗಿಲಲ್ಲಿ ನಿಂತು ರಮೇಶಚಂದ್ರ ದತ್ತರು ರೈಲ್ವೆಗೆ ಸುರಿದ ಹಣವನ್ನೂ ನೀರಾವರಿಗೆ ತೊಟ್ಟಿಕ್ಕಿಸಿದ ಹಣವನ್ನೂ ಪಕ್ಕಪಕ್ಕದಲ್ಲಿಟ್ಟು ತೋರಿಸಿದಾಗ ದೇಶದ ವಿದ್ಯಾವಂತರೆಲ್ಲ ಬೆಚ್ಚಿದುದಕ್ಕೆ ಕಾರಣ ಇದೇ.

*

ಇನ್ನು ಮೈಸೂರಿಗೆ ಬರೋಣ. ಮೈಸೂರು ಸೀಮೆಯನ್ನು ಮುಟ್ಟಿದ ಮೊದಲ ರೈಲು ಕೂಡ ಹೊಣೆಯ ಕಂಪೆನಿಯದೇ: ಮದರಾಸು ರೈಲ್ವೆಯ ಜೋಲಾರಪೇಟೆ ಕವಲು 1864ರಲ್ಲಿ ಬೆಂಗಳೂರು ದಂಡಿಗೆ ಬಂದಿತು. ದಂಡಿಗೆ ಬಂದಿತೆಂಬುದನ್ನು ಗಮನಿಸಬೇಕು. ಅದು ಬಂದುದು ಸೈನ್ಯದ ಬಳಿಗೆ. ಸಂಸ್ಥಾನದ ರೈತನ ಬಳಿಗಲ್ಲ. ಅಲ್ಲಿಂದ ಮುಂದೆ ಹದಿಮೂರು ವರ್ಷ ಕಂಬಿ ಒಳನಾಡಿಗೆ ಸರಿಯಲಿಲ್ಲ.

ಆ ಬಳಿಕ ಬಂದುದು ಧಾತು–ಈಶ್ವರ ಸಂವತ್ಸರಗಳ ಕ್ಷಾಮ. 1876ರಿಂದ 1878ರವರೆಗೆ ಮೈಸೂರು ಅನುಭವಿಸಿದ ಸಂಕಟವನ್ನು ಜನಗಣತಿಯ ಎರಡು ಅಂಕೆಗಳು ಹೇಳುತ್ತವೆ. 1871ರಲ್ಲಿ ಸಂಸ್ಥಾನದ ಜನಸಂಖ್ಯೆ 50 ಲಕ್ಷಕ್ಕೂ ಹೆಚ್ಚು. 1881ರಲ್ಲಿ 42 ಲಕ್ಷಕ್ಕೂ ಕಡಮೆ. ಬೆಂಗಳೂರಿನವರೆಗೆ ಧಾನ್ಯವನ್ನು ರೈಲು ತರಬಲ್ಲದಾಗಿತ್ತು. ಅಲ್ಲಿಂದಾಚೆಗೆ ಎತ್ತಿನ ಗಾಡಿಯೇ ಶರಣು. ಆದರೆ ಮನುಷ್ಯನಿಗಿಂತ ಮೊದಲು ಮೇವಿಲ್ಲದೆ ಸತ್ತುದು ಎತ್ತು. ರೈಲುಹಾದಿಯೊಂದು ಐಷಾರಾಮವಲ್ಲ, ಪ್ರಾಣದ ಪ್ರಶ್ನೆ ಎಂಬುದನ್ನು ಯಾವ ವರದಿಯೂ ಬೋಧಿಸದ ರೀತಿಯಲ್ಲಿ ಆ ಎರಡು ವರ್ಷಗಳು ಬೋಧಿಸಿದವು. ಬೆಂಗಳೂರಿನಿಂದ ಮೈಸೂರಿಗೆ ಹಾದಿ ಹಾಕುವ ಕೆಲಸ ಕ್ಷಾಮ ಪರಿಹಾರದ ಕಾಮಗಾರಿಯಾಗಿ ಮೊದಲಾಯಿತು. ಇಂದು ಬಿಡದಿ, ಚನ್ನಪಟ್ಟಣ, ಮದ್ದೂರುಗಳನ್ನು ಹಾಯ್ದು ಹೋಗುವವರು ಕಿಟಕಿಯಿಂದ ಕಾಣುವ ಏರಿಯ ಮೊದಲ ಮಣ್ಣನ್ನು ಹೊತ್ತವರು ಹಸಿದ ಜನ.

ಈ ಹಾದಿಯ ವಿಶೇಷವಿರುವುದು ಅದರ ಹಣದಲ್ಲಿ. ಇಲ್ಲಿ ಲಂಡನ್ನಿನ ಷೇರುದಾರನಿರಲಿಲ್ಲ, ಶೇಕಡಾ 5ರ ಹೊಣೆಯಿರಲಿಲ್ಲ. ಕ್ಷಾಮಕ್ಕೆ ಮೊದಲು ಬೊಕ್ಕಸದಲ್ಲಿ ಉಳಿತಾಯವಾಗಿದ್ದ ಸುಮಾರು 63 ಲಕ್ಷ ರೂಪಾಯಿ ಕರಗಿಹೋಗಿ, ಮೇಲೆ ಇಂಡಿಯಾ ಸರಕಾರಕ್ಕೆ 80 ಲಕ್ಷದ ಸಾಲ ಬೆಳೆದಿತ್ತು. ಅಂಥ ದಾರಿದ್ರ್ಯದಲ್ಲಿಯೂ ಸಂಸ್ಥಾನದ ಹಣದಿಂದಲೇ ಕೆಲಸ ಸಾಗಿತು. 1881ನೆಯ ಮಾರ್ಚ್ 25ರಂದು ರಾಜ್ಯವನ್ನು ಚಾಮರಾಜೇಂದ್ರ ಒಡೆಯರಿಗೆ ಹಿಂದಕ್ಕೆ ಒಪ್ಪಿಸಿದಾಗ 58 ಮೈಲಿ ಹಾದಿ ಸುಮಾರು 25 ಲಕ್ಷ ರೂಪಾಯಿಗಳಲ್ಲಿ ಸಿದ್ಧವಾಗಿತ್ತು. ಎಂದರೆ ಮೈಲಿಯೊಂದಕ್ಕೆ ಸುಮಾರು 43,000 ರೂಪಾಯಿ; ಹೊಣೆಯ ಕಂಪೆನಿಗಳ ಮೈಲಿಯ ಕಾಲುಭಾಗವೂ ಅಲ್ಲ. ಈ ಹೋಲಿಕೆಯನ್ನು ಅತಿಯಾಗಿ ಎಳೆಯಬಾರದು. ಅವರದು ಅಗಲ ಹಾದಿ, ನಮ್ಮದು ಮೀಟರ್ ಗೇಜು. ಅವರು ಘಟ್ಟಗಳನ್ನು ಹತ್ತಿದರು, ಮಹಾನದಿಗಳನ್ನು ದಾಟಿದರು. ನಮ್ಮಲ್ಲಿ ಕ್ಷಾಮಕಾಲದ ಕೂಲಿ ಅಗ್ಗವಾಗಿತ್ತು. ಇಷ್ಟೆಲ್ಲ ಕಳೆದ ಮೇಲೆಯೂ ಒಂದು ಮಾತು ಉಳಿಯುತ್ತದೆ. ತನ್ನ ಹಣವನ್ನು ತಾನೇ ವೆಚ್ಚಮಾಡುವವನು ಪ್ರತಿಯೊಂದು ಮೋರಿಗೂ ಲೆಕ್ಕ ಕೇಳುತ್ತಾನೆ.

ದಿವಾನ್ ರಂಗಾಚಾರ್ಲು ಅವರು ಪದವಿಯಲ್ಲಿದ್ದುದು ಎರಡು ವರ್ಷಕ್ಕೂ ಕಡಮೆ. ಆ ಅಲ್ಪಾವಧಿಯಲ್ಲಿ ಅವರು ಮಾಡಿದ ಎರಡು ಕೆಲಸಗಳನ್ನು ನಾಡು ಮರೆಯಲಾರದು. ಒಂದು, 1881ರ ಅಕ್ಟೋಬರಿನಲ್ಲಿ ಪ್ರಜಾಪ್ರತಿನಿಧಿ ಸಭೆಯನ್ನು ಕರೆದುದು. ಇನ್ನೊಂದು, ರೈಲುಹಾದಿಯನ್ನು 1882ರಲ್ಲಿ ಮೈಸೂರು ಮುಟ್ಟಿಸಿ ಅದನ್ನು ಇನ್ನೊಂದು ದಿಕ್ಕಿನಲ್ಲಿ ತುಮಕೂರಿನ ಕಡೆಗೆ ಹೊರಡಿಸಿದುದು. ಈ ಎರಡೂ ಬೇರೆ ಬೇರೆ ಕೆಲಸಗಳೆಂದು ನಮಗೆ ತೋರುವುದಿಲ್ಲ. ರಾಜ್ಯದ ಹಣ ಪ್ರಜೆಗಳದ್ದು ಎಂಬ ಭಾವನೆಯಿದ್ದವರಿಗೆ ಮಾತ್ರ, ಆ ಹಣದಿಂದ ಹಾದಿಯನ್ನು ಹಾಕಿಸಿ, ಆ ಪ್ರಜೆಗಳನ್ನೇ ಕರೆದು ಕೂರಿಸಿಕೊಂಡು ಲೆಕ್ಕ ಒಪ್ಪಿಸುವುದು ಸಹಜವೆನಿಸೀತು. ಲಂಡನ್ನಿನ ಕಂಪೆನಿಯೊಂದು ತನ್ನ ವಾರ್ಷಿಕ ಸಭೆಗೆ ಮಂಡ್ಯದ ಒಕ್ಕಲಿಗನನ್ನು ಕರೆಯುತ್ತಿರಲಿಲ್ಲ.

*

ಕಥೆ ಇಲ್ಲಿಗೇ ಮುಗಿದಿದ್ದರೆ ಅದೊಂದು ಸ್ತುತಿಪಾಠವಾಗುತ್ತಿತ್ತು; ಆದರೆ ಇತಿಹಾಸ ಹಾಗೆ ಮುಗಿಯಲಿಲ್ಲ. 1883ರ ಜನವರಿಯಲ್ಲಿ ರಂಗಾಚಾರ್ಲು ತೀರಿಕೊಂಡರು. ಅವರ ಸ್ಥಾನಕ್ಕೆ ಬಂದ ಕೆ. ಶೇಷಾದ್ರಿ ಅಯ್ಯರ್ ಅವರು 1884ರಲ್ಲಿ ಹಾದಿಯನ್ನು ತುಮಕೂರಿಗೆ ಮುಟ್ಟಿಸಿದರಾದರೂ, ಎರಡು ವರ್ಷಗಳ ಬಳಿಕ ಆ ಹಾದಿಯನ್ನೆಲ್ಲ ಸದರ್ನ್ ಮರಾಠಾ ರೈಲ್ವೆ ಕಂಪೆನಿಯ ಕೈಗೆ ಒಪ್ಪಿಸಬೇಕಾಯಿತು. ಕಂಪೆನಿಯು ಇಂಗ್ಲೆಂಡಿನಲ್ಲಿ ಶೇಕಡಾ 4ರ ಬಡ್ಡಿಯ ಮೇಲೆ ಸುಮಾರು 12 ಲಕ್ಷ ಪೌಂಡು ಸಾಲವೆತ್ತಿ, ಸಂಸ್ಥಾನ ಅದುವರೆಗೆ ಹಾಕಿದ್ದ ಹಣವನ್ನು ತೀರಿಸಿ, ಉಳಿದ ಹಾದಿಯನ್ನು ಹರಿಹರದವರೆಗೆ ಮುಗಿಸತಕ್ಕದ್ದೆಂದು ಏರ್ಪಾಟಾಯಿತು. ಹಾದಿ 1889ರಲ್ಲಿ ಹರಿಹರವನ್ನು ಮುಟ್ಟಿತು. ಬಡ್ಡಿಯ ಭಾರ ಸಂಸ್ಥಾನದ ಮೇಲೆ; ಬಂಡಿ ನಡೆಸುವ ಅಧಿಕಾರ ಕಂಪೆನಿಗೆ; ನಿವ್ವಳ ಲಾಭದಲ್ಲಿ ಕಂಪೆನಿಗೊಂದು ಪಾಲು. ಮುಂಬಾಗಿಲಿನಿಂದ ಒಳಗೆ ಬಿಡದಿದ್ದ ಹೊಣೆಯ ಪದ್ಧತಿ ಹಿತ್ತಿಲ ಬಾಗಿಲಿನಿಂದ ಮನೆಯೊಳಕ್ಕೆ ಬಂದಿತು.

ಇದಕ್ಕಾಗಿ ಶೇಷಾದ್ರಿ ಅಯ್ಯರ್ ಅವರನ್ನು ದೂರುವವರು ಅಂದಿನ ಸಂಸ್ಥಾನದ ಜಮಾಖರ್ಚನ್ನು ಮೊದಲು ನೋಡಬೇಕು. ಅಧಿಕಾರ ಹಸ್ತಾಂತರವಾದಾಗ ವರ್ಷದ ಹುಟ್ಟುವಳಿ ಒಂದು ಕೋಟಿಯನ್ನು ಸ್ವಲ್ಪ ಮಾತ್ರ ಮೀರಿತ್ತು. ಅದರಲ್ಲಿ ಬ್ರಿಟಿಷರಿಗೆ ತೆರಬೇಕಾದ ಪೊಗದಿಯೇ ಇಪ್ಪತ್ತನಾಲ್ಕೂವರೆ ಲಕ್ಷ. ಅದನ್ನು 35 ಲಕ್ಷಕ್ಕೆ ಏರಿಸುವುದೆಂದು 1881ರ ಒಪ್ಪಂದದಲ್ಲೇ ನಿಗದಿಯಾಗಿತ್ತು. ಕ್ಷಾಮದ ಕಾರಣದಿಂದ ಐದು ವರ್ಷ ಮಾತ್ರ ತಡೆಹಿಡಿಯಲಾಗಿತ್ತು. ಆ ಐದು ವರ್ಷ ಮುಗಿಯುತ್ತ ಬಂದುದು ಸರಿಯಾಗಿ 1886ರಲ್ಲಿ. ಕ್ಷಾಮದ ಸಾಲ ಹೆಗಲ ಮೇಲಿತ್ತು. 1884ರಲ್ಲಿ ಮಳೆ ಮತ್ತೆ ಕೈಕೊಟ್ಟು ಇನ್ನೊಂದು ಕ್ಷಾಮ ಬಾಗಿಲಿಗೆ ಬಂದು ಹೋಗಿತ್ತು. ಹೆಚ್ಚಿನ ಪೊಗದಿ ಮತ್ತೆ ಹತ್ತು ವರ್ಷ ಮುಂದಕ್ಕೆ ಹೋದುದು ಮತ್ತು ರೈಲುಹಾದಿ ಕಂಪೆನಿಯ ಕೈಗೆ ಹೋದುದು, ಇವೆರಡನ್ನೂ ಬೇರೆ ಬೇರೆಯಾಗಿ ಓದುವುದು ಸಾಧ್ಯವಿಲ್ಲ. ಮನೆಯನ್ನು ಉಳಿಸಿಕೊಳ್ಳಲು ಗೃಹಿಣಿ ಮೈಮೇಲಿನ ಒಡವೆಯನ್ನು ಒತ್ತೆಯಿಡುವಂತೆ ಅವರು ಹಾದಿಯನ್ನು ಒತ್ತೆಯಿಟ್ಟರು. ಕೆರೆ ಕಾಲುವೆಗಳಿಗೆ ಹಣ ಹಾಕಿದುದು, ಮಾರಿಕಣಿವೆಯ ಅಣೆಕಟ್ಟನ್ನು ಆರಂಭಿಸಿದುದು, ಶಿವನಸಮುದ್ರದಲ್ಲಿ ಸಂಸ್ಥಾನದ ಬಂಡವಾಳದಿಂದಲೇ ವಿದ್ಯುತ್ತನ್ನು ಉತ್ಪಾದಿಸುವ ಕೆಲಸಕ್ಕೆ ಕೈಹಾಕಿದುದು ಇದೇ ದಿವಾನರ ಕಾಲದಲ್ಲಿ ಎಂಬುದನ್ನು ನೆನೆದರೆ, ಸಾರ್ವಜನಿಕ ಬಂಡವಾಳದಲ್ಲಿ ಅವರಿಗೆ ನಂಬಿಕೆಯಿರಲಿಲ್ಲವೆಂದು ಹೇಳುವ ಧೈರ್ಯ ಯಾರಿಗೂ ಬರಲಾರದು.

ಆದರೂ ಒತ್ತೆಯಿಟ್ಟ ಒಡವೆ ಒತ್ತೆಯ ಒಡವೆಯೇ. ಅದನ್ನು ಬಿಡಿಸಿಕೊಳ್ಳಲು ಸಂಸ್ಥಾನಕ್ಕೆ ಅರ್ಧ ಶತಮಾನ ಹಿಡಿಯಿತು. ವಿಶ್ವೇಶ್ವರಯ್ಯನವರ ಕಾಲದಲ್ಲಿ ಸಂಸ್ಥಾನ ಮತ್ತೆ ತನ್ನ ಹಣದಿಂದ ಹೊಸ ಹಾದಿಗಳನ್ನು ಹಾಕತೊಡಗಿತು. ಮೈಸೂರು–ಅರಸೀಕೆರೆ ಹಾದಿ 1918ರಲ್ಲಿ ಸಿದ್ಧವಾಯಿತು. ಆದರೆ ಬೆಂಗಳೂರಿನಿಂದ ಹರಿಹರಕ್ಕೆ ಹೋಗುವ ಮುಖ್ಯ ಹಾದಿ ಸಂಸ್ಥಾನದ ಆಡಳಿತಕ್ಕೆ ಹಿಂದಿರುಗಿದುದು 1938ರಲ್ಲಿ. ತುಮಕೂರು, ಅರಸೀಕೆರೆ, ಬೀರೂರು, ದಾವಣಗೆರೆಗಳ ಸಾಮಾನು ಸಾಗಣೆಯ ದರ, ಬಂಡಿಗಳ ವೇಳೆ, ಮಾರ್ಗಗಳ ಜೋಡಣೆ, ಇವನ್ನೆಲ್ಲ ಅಷ್ಟು ವರ್ಷ ನಿರ್ಣಯಿಸಿದ್ದು ನಾಡಿನ ಹೊರಗಿನ ಹಿತ. ಬಡ್ಡಿಯ ರೂಪಾಯಿಯನ್ನು ಲೆಕ್ಕದ ಪುಸ್ತಕದಲ್ಲಿ ಬರೆಯಬಹುದು. ನಿರ್ಣಯದ ಅಧಿಕಾರವನ್ನು ಕಳೆದುಕೊಂಡುದರ ಬೆಲೆಯನ್ನು ಬರೆಯುವ ಕಂಬಸಾಲು ಆ ಪುಸ್ತಕದಲ್ಲಿಲ್ಲ.

ನೆರೆಯ ಹೈದರಾಬಾದಿನಲ್ಲೂ ಇದೇ ಕಥೆ, ಇನ್ನಷ್ಟು ಕಹಿಯಾಗಿ ನಡೆಯಿತು. ನಮ್ಮ ವಾಡಿಯಿಂದ ಸಿಕಂದರಾಬಾದಿಗೆ 1874ರಲ್ಲಿ ಸಿದ್ಧವಾದ ಹಾದಿಯ ಭಾರವನ್ನು ಹೊತ್ತುದು ನಿಜಾಮರ ಬೊಕ್ಕಸ. ಅದರಿಂದ ಮೊದಲ ಅನುಕೂಲ ಸಿಕಂದರಾಬಾದಿನ ಬ್ರಿಟಿಷ್ ದಂಡಿಗೆ. 1880ರ ದಶಕದಲ್ಲಿ ಅದನ್ನು ಲಂಡನ್ನಿನ ಕಂಪೆನಿಗೆ ವಹಿಸಿ, ಬಂಡವಾಳಕ್ಕೆ 20 ವರ್ಷಗಳ ಕಾಲ ಶೇಕಡಾ 5ರ ಬಡ್ಡಿಗೆ ನಿಜಾಮ ಸರಕಾರ ಹೊಣೆ ನಿಂತಿತು. ಹಾದಿಯನ್ನು ಚಾಂದಾದ ಕಡೆಗೆ ಮುಂದುವರಿಸುವ ಯೋಜನೆಯ ಬಗ್ಗೆ 1883ರಲ್ಲಿ ಪ್ರಶ್ನೆಯೆತ್ತಿದವರಲ್ಲಿ ಸರೋಜಿನಿ ನಾಯ್ಡು ಅವರ ತಂದೆ ಅಘೋರನಾಥ ಚಟ್ಟೋಪಾಧ್ಯಾಯರೂ ಒಬ್ಬರು. ಅವರಿಗೆ ದೊರೆತ ಉತ್ತರ ಗಡೀಪಾರು. ಮೈಸೂರಿನಲ್ಲಿ ರೈಲ್ವೆಯ ಮಾತು ಪ್ರಜಾಪ್ರತಿನಿಧಿಗಳ ಮುಂದೆ ಬಂದರೆ ಹೈದರಾಬಾದಿನಲ್ಲಿ ಮಾತೆತ್ತಿದವರು ಊರು ಬಿಡಬೇಕಾಯಿತು. ಗುಪ್ತವಾಗಿ ನಿಂತ ಹೊಣೆ ಪ್ರಶ್ನೆಯನ್ನು ಸಹಿಸುವುದಿಲ್ಲ.

*

ಮುಂಬಯಿ ಪ್ರಾಂತದ ಕನ್ನಡ ಜಿಲ್ಲೆಗಳ ಅನುಭವ ಬೇರೆ. ಬಿಜಾಪುರ, ಧಾರವಾಡ, ಬೆಳಗಾವಿಗಳಿಗೆ ರೈಲು ಬಂದುದು ಕ್ಷಾಮದ ತರುವಾಯ, ಹೊಣೆಯ ಕಂಪೆನಿಯ ಮೂಲಕ. 1880ರ ಕ್ಷಾಮ ಆಯೋಗವು 5,000 ಮೈಲಿ ಹಾದಿ ಕೂಡಲೇ ಬೇಕು, ಒಟ್ಟು 20,000 ಮೈಲಿಯಾಗುವವರೆಗೆ ದೇಶ ಸುರಕ್ಷಿತವಲ್ಲ ಎಂದು ವರದಿ ಮಾಡಿದ ಮೇಲೆ, 1882ರಲ್ಲಿ ಸದರ್ನ್ ಮರಾಠಾ ಕಂಪೆನಿ ಹುಟ್ಟಿತು. ಈ ಸಲ ಹೊಣೆಯ ಬಡ್ಡಿ ಶೇಕಡಾ 5 ಅಲ್ಲ. ಮೊದಲ ಕೆಲವು ವರ್ಷ 4, ಅನಂತರ ಮೂರೂವರೆ. ಅನುಭವದಿಂದ ಸರಕಾರ ಒಂದೂವರೆ ಅಂಶದ ಪಾಠ ಕಲಿತಿತ್ತು! ಹೋಟಗಿಯಿಂದ ಬಿಜಾಪುರದ ಮೇಲೆ ಗದಗಿಗೆ 1884ರಲ್ಲಿ ಹಾದಿ ಬಂದಿತು. ಕಲಾದಗಿಯಲ್ಲಿದ್ದ ಜಿಲ್ಲಾ ಕೇಂದ್ರ ಬಿಜಾಪುರಕ್ಕೆ ಸರಿಯಿತು; ಹುಬ್ಬಳ್ಳಿ ಕಾರ್ಖಾನೆಯ ಊರಾಯಿತು. ಬರಗಾಲದ ನಾಡಿಗೆ ಈ ಹಾದಿಯಿಂದಾದ ಉಪಕಾರವನ್ನು ಅಲ್ಲಗಳೆಯುವುದು ಕೃತಘ್ನತೆಯಾದೀತು.

ಆದರೆ ಗೆರೆ ಎಳೆಯುವ ಕೈ ಯಾರದು ಎಂಬ ನಮ್ಮ ನಾಲ್ಕನೆಯ ಪ್ರಶ್ನೆಗೆ ಉತ್ತರ ಬೇಕಾದವರು ಕಾರವಾರಕ್ಕೆ ಹೋಗಬೇಕು. ಅಮೆರಿಕದ ಅಂತರ್ಯುದ್ಧದಿಂದ ಹತ್ತಿಗೆ ಬರ ಬಂದಾಗ ಮ್ಯಾಂಚೆಸ್ಟರಿನ ಗಿರಣಿಗಾರರ ಕಣ್ಣು ಧಾರವಾಡ ಸೀಮೆಯ ಹತ್ತಿಯ ಮೇಲೆ ಬಿತ್ತು. ಅದನ್ನು ಘಟ್ಟದ ಕೆಳಗಿಳಿಸಿ ಸಾಗಿಸಲು ಸದಾಶಿವಗಡ–ಕಾರವಾರದ ಬಂದರು ಬೇಕೆಂದು ಅವರು ಗದ್ದಲವೆಬ್ಬಿಸಿದರು. ಉತ್ತರ ಕನ್ನಡ ಜಿಲ್ಲೆಯನ್ನು 1862ರಲ್ಲಿ ಮದರಾಸಿನಿಂದ ಬಿಡಿಸಿ ಮುಂಬಯಿ ಪ್ರಾಂತಕ್ಕೆ ಸೇರಿಸಿದ ಹಿನ್ನೆಲೆಯಲ್ಲಿ ಈ ಬಂದರಿನ ಆಸೆಯೂ ಇತ್ತು. ಜಿಲ್ಲೆಯೇನೋ ಸರಿಯಿತು, ರೈಲು ಬರಲಿಲ್ಲ. ಯುದ್ಧ ಮುಗಿದು ಅಮೆರಿಕದ ಹತ್ತಿ ಮತ್ತೆ ಬಂದಾಗ ಮ್ಯಾಂಚೆಸ್ಟರಿನ ಉತ್ಸಾಹ ಇಳಿಯಿತು. 1878ರಲ್ಲಿ ಪೋರ್ಚುಗೀಸರೊಡನೆ ಒಪ್ಪಂದವಾಗಿ, ಪೋರ್ಚುಗಲ್ ಸರಕಾರದ ಹೊಣೆಯ ಮೇಲೆ ಮುರಗಾಂವ ಬಂದರಿನಿಂದ ಘಟ್ಟ ಹತ್ತುವ ಹಾದಿ ಸಿದ್ಧವಾಯಿತು. ಧಾರವಾಡದ ಹತ್ತಿ ಗೋವೆಯ ದಾರಿ ಹಿಡಿಯಿತು. ಹತ್ತಿಯ ವ್ಯಾಪಾರದಲ್ಲಿ ತನ್ನ ಹೆಸರನ್ನೇ ಒಂದು ತಳಿಗೆ ಕೊಟ್ಟಿದ್ದ ಕುಮಟೆ ಬಂದರು ಮಂಕಾಯಿತು. ಕಾರವಾರದ ಕರಾವಳಿ ಉಗಿಬಂಡಿಯ ಯುಗವಿಡೀ ಕಾದು, ಅದು ಮುಗಿದ ಮೇಲೆ, 1990ರ ದಶಕದಲ್ಲಿ ಕೊಂಕಣ ರೈಲ್ವೆಯ ಮೂಲಕ ಕಂಬಿಯನ್ನು ಕಂಡಿತು. ಹೊಣೆ ನಿಂತವರ ಅನುಕೂಲವೇ ಹಾದಿಯ ದಿಕ್ಕು; ಹಾದಿಯ ದಿಕ್ಕೇ ಊರಿನ ಹಣೆಬರಹ.

*

ಈ ಹಳೆಯ ಲೆಕ್ಕಗಳನ್ನು ಈಗ ಕೆದಕುವುದೇತಕ್ಕೆಂದು ವಾಚಕರು ಕೇಳಬಹುದು. ಕಂಪೆನಿಗಳು ಹೋದವು, ಸಂಸ್ಥಾನಗಳು ಹೋದವು. ಮೈಸೂರು ರೈಲ್ವೆ 1950ರಲ್ಲಿ ಕೇಂದ್ರ ಸರಕಾರಕ್ಕೆ ಸೇರಿ 1951ರಲ್ಲಿ ದಕ್ಷಿಣ ರೈಲ್ವೆಯ ಅಂಗವಾಯಿತು. ಹುಬ್ಬಳ್ಳಿಯಲ್ಲಿ ಕೇಂದ್ರವುಳ್ಳ ನೈಋತ್ಯ ರೈಲ್ವೆ 2003ರಲ್ಲಿ ಹುಟ್ಟಿತು. ಆದರೆ ಪ್ರಶ್ನೆಗಳು ಹೋಗಿಲ್ಲ. ಈಚಿನ ದಶಕಗಳಲ್ಲಿ ಹಲವು ಹೊಸ ಮಾರ್ಗಗಳಿಗೆ ರಾಜ್ಯ ಸರಕಾರವು ನೆಲವನ್ನು ಒದಗಿಸಿ ವೆಚ್ಚದಲ್ಲಿ ಅರ್ಧವನ್ನು ತೆರುವ ಒಪ್ಪಂದಗಳಾಗಿವೆ. ಹೆದ್ದಾರಿ, ವಿಮಾನ ನಿಲ್ದಾಣಗಳಂಥ ಕಾರ್ಯಗಳಲ್ಲಿ ಖಾಸಗಿ ಬಂಡವಾಳಕ್ಕೆ ಸರಕಾರದ ನೆಲ, ಸರಕಾರದ ಅನುದಾನ, ಸರಕಾರದ ಭರವಸೆಗಳು ದೊರೆಯುತ್ತವೆ. 1849ರ ಕರಾರಿನ ಭಾಷೆ ಸತ್ತಿಲ್ಲ, ವೇಷ ಬದಲಾಯಿಸಿಕೊಂಡಿದೆ.

ಈ ನೆರವು ಕೂಡದೆಂಬುದು ನಮ್ಮ ಅಭಿಪ್ರಾಯವಲ್ಲ. ಬಯಲುಸೀಮೆಯ ಬಡ ತಾಲ್ಲೂಕಿಗೆ ಹೋಗುವ ಹಾದಿ ಮೊದಲ ದಿನದಿಂದ ಲಾಭ ತರಬೇಕೆಂದು ಕೇಳುವವನು ಆ ತಾಲ್ಲೂಕಿಗೆ ಹಾದಿಯೇ ಬೇಡವೆನ್ನುತ್ತಾನೆ. ನಾವು ಹೇಳುವುದು ಇಷ್ಟೆ: ಹೊಣೆ ಮತ್ತು ಹಕ್ಕು ಒಂದೇ ಕೈಯಲ್ಲಿರಬೇಕು. ನಷ್ಟವನ್ನು ತುಂಬುವವನಿಗೆ ಲಾಭದಲ್ಲಿ ಪಾಲಿರಬೇಕು. ನೆಲವನ್ನು ಕೊಡುವವನಿಗೆ ಹಾದಿಯ ದಿಕ್ಕನ್ನು ಕುರಿತು ಮಾತಿರಬೇಕು. ಹಣ ತೆರುವ ಪ್ರಜೆಗೆ ಲೆಕ್ಕ ಕೇಳುವ ಅಧಿಕಾರವಿರಬೇಕು. ಕೊಂಕಣ ರೈಲ್ವೆಯ ಸಂಸ್ಥೆಯನ್ನು 1990ರಲ್ಲಿ ಸ್ಥಾಪಿಸಿದಾಗ ಕೇಂದ್ರದೊಡನೆ ಮಹಾರಾಷ್ಟ್ರ, ಕರ್ನಾಟಕ, ಗೋವಾ, ಕೇರಳಗಳೂ ಷೇರುದಾರರಾದವು. ಆ ಪ್ರಯೋಗದ ಫಲಾಫಲಗಳನ್ನು ಕುರಿತು ಭಿನ್ನಾಭಿಪ್ರಾಯವಿರಬಹುದು. ಆದರೆ ಹಾದಿಗೆ ಹಣ ಹಾಕುವ ರಾಜ್ಯ ಕೈಮುಗಿದು ನಿಲ್ಲುವ ದಾನಿಯಾಗಿರದೆ ಕುರ್ಚಿಯಲ್ಲಿ ಕೂರುವ ಪಾಲುಗಾರನಾಗಿರಬೇಕು ಎಂಬ ತತ್ತ್ವ ಅದರಲ್ಲಿತ್ತು. ಆ ತತ್ತ್ವ ಸರಿಯಾದುದು. ಅರ್ಧ ವೆಚ್ಚ ತೆರುವ ರಾಜ್ಯಕ್ಕೆ ಕಾಮಗಾರಿಯ ವೇಗದ ಮೇಲೆ, ಬಂಡಿಗಳ ಸಂಖ್ಯೆಯ ಮೇಲೆ, ಮುಂದೆ ಬರುವ ಆದಾಯದ ಮೇಲೆ ಏನು ಹಕ್ಕು ಎಂಬುದನ್ನು ಒಪ್ಪಂದಕ್ಕೆ ರುಜು ಹಾಕುವ ಮೊದಲೇ ಶಾಸನಸಭೆಯಲ್ಲಿ ಕೇಳಬೇಕು. ಶಂಕುಸ್ಥಾಪನೆಯ ಹಾರತುರಾಯಿ ಬಾಡಿದ ಮೇಲಲ್ಲ.

ಮಾರ್ಗವೊಂದು ಮಂಜೂರಾಯಿತೆಂಬ ವರ್ತಮಾನ ಬಂದಾಗ ಸಂತೋಷಪಡುವುದು ಸಹಜ. ಮುಂಬಯಿಯಲ್ಲಿ ತೋಪು ಹಾರಿದಾಗಲೂ ಜನ ಸಂತೋಷಪಟ್ಟರು. ಆ ತೋಪಿನ ಮದ್ದಿನ ಬೆಲೆ ತಮ್ಮ ಮೊಮ್ಮಕ್ಕಳ ಕಂದಾಯದಲ್ಲಿ ಸೇರಿದೆಯೆಂಬುದನ್ನು ಅವರಿಗೆ ಯಾರೂ ಹೇಳಿರಲಿಲ್ಲ. ನಮಗೆ ಆ ನೆಪವಿಲ್ಲ. ಹಸಿದವರು ಹೊತ್ತ ಮಣ್ಣಿನ ಏರಿಯ ಮೇಲೆ ನಾವಿಂದು ಮೈಸೂರಿಗೆ ಹೋಗಿಬರುತ್ತಿದ್ದೇವೆ. ಆ ಹಾದಿಯನ್ನು ಕಟ್ಟಿದುದು ನಾಡಿನ ಹಣ, ಕಳೆದುದು ನಾಡಿನ ಬಡತನ, ಹಿಂದಕ್ಕೆ ಪಡೆದುದು ನಾಡಿನ ತಾಳ್ಮೆ. ಇನ್ನೊಂದು ಹಾದಿಗೆ ಹೊಣೆ ನಿಲ್ಲುವ ಮುನ್ನ ಪತ್ರವನ್ನು ಪೂರ್ತಿಯಾಗಿ ಓದುವಷ್ಟು ಜಾಗರೂಕತೆಯನ್ನಾದರೂ ಆ ಚರಿತ್ರೆ ನಮಗೆ ಕಲಿಸಿರಬೇಕು.